ಮೊದಲ ಹದಿನೈದು ನಿಮಿಷ ನಮ್ಮ ಕೈಯಲ್ಲಿ

ಶಾಲೆ–ಕಾಲೇಜುಗಳ ರಸಾಯನಶಾಸ್ತ್ರ ಪ್ರಯೋಗಾಲಯಗಳ ಸುರಕ್ಷತೆ ಕುರಿತು ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ತಾಲ್ಲೂಕುಗಳ ವಿದ್ಯಾರ್ಥಿಗಳು, ಶಿಕ್ಷಕರು, ಪಾಲಕರು ಬರೆದ ಪತ್ರಗಳಿಗೆ ರಸಾಯನಶಾಸ್ತ್ರದ ನಿವೃತ್ತ ಪ್ರಾಧ್ಯಾಪಕರೊಬ್ಬರ ಉತ್ತರ.

ಪ್ರಶ್ನೆ: ನಾನು ಹುಕ್ಕೇರಿ ತಾಲ್ಲೂಕಿನ ಪಿಯು ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಉಪನ್ಯಾಸಕಿ. ನಮ್ಮಲ್ಲಿ ಕಣ್ಣು ತೊಳೆಯುವ ಸಾಧನವೂ ಇಲ್ಲ, ತುರ್ತು ಷವರ್ ಕೂಡ ಇಲ್ಲ. ನಳಕ್ಕೆ ನೀರು ಬರುವುದು ದಿನಕ್ಕೆ ಕೆಲವೇ ತಾಸು. ಮಕ್ಕಳ ಕಣ್ಣಿಗೆ ಆ್ಯಸಿಡ್ ಸಿಡಿದರೆ ಕೂಡಲೇ ಗಾಡಿ ಮಾಡಿಕೊಂಡು ಬೆಳಗಾವಿಗೆ ಕರೆದೊಯ್ಯುವುದು ಸರಿಯಲ್ಲವೆ?

ಉತ್ತರ: ಮೇಡಂ, ಬೆಳಗಾವಿಗೆ ಹೋಗಲೇಬೇಕು, ಆದರೆ ಕೂಡಲೇ ಅಲ್ಲ. ಮೊದಲು ನೀರು, ಆಮೇಲೆ ಗಾಡಿ. ನಿಮ್ಮ ಊರಿನಿಂದ ಬೆಳಗಾವಿಯ ದೊಡ್ಡ ಆಸ್ಪತ್ರೆ ಮುಟ್ಟಲು ಕನಿಷ್ಠ ಒಂದು ತಾಸಾದರೂ ಬೇಕು. ಕಣ್ಣಿನ ಮೇಲ್ಪದರ ಸುಡಲು ಆಮ್ಲಕ್ಕೆ ಅಷ್ಟು ಹೊತ್ತು ಬೇಕಿಲ್ಲ, ಕೆಲವೇ ನಿಮಿಷ ಸಾಕು. ಕ್ಷಾರ ಇನ್ನೂ ಅಪಾಯಕಾರಿ. ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣ ಮೇಲ್ಪದರದಲ್ಲಿ ನಿಲ್ಲದೆ ಅಂಗಾಂಶವನ್ನು ಕರಗಿಸುತ್ತ ಒಳಕ್ಕೆ ಇಳಿಯುತ್ತದೆ. ಆ ಮಗುವಿನ ದೃಷ್ಟಿ ಉಳಿಯುವುದೋ ಇಲ್ಲವೋ ಎಂಬುದು ಬಹುಪಾಲು ನಿಮ್ಮ ಪ್ರಯೋಗಾಲಯದಲ್ಲೇ, ಮೊದಲ ಕ್ಷಣಗಳಲ್ಲೇ ನಿರ್ಧಾರವಾಗುತ್ತದೆ.

ಜಗತ್ತಿನ ಅನೇಕ ಪ್ರಯೋಗಾಲಯಗಳು ಒಪ್ಪಿರುವ ನಿಯಮ ಹೀಗಿದೆ: ಪೆಟ್ಟಾದ 10 ಸೆಕೆಂಡಿನೊಳಗೆ ನೀರಿನ ಬಳಿ ತಲುಪಬೇಕು, ಕನಿಷ್ಠ 15 ನಿಮಿಷ ಬಿಡದೆ ತೊಳೆಯಬೇಕು. ಕಣ್ಣು ತೊಳೆಯುವ ಸಾಧನದಿಂದ ನಿಮಿಷಕ್ಕೆ ಕನಿಷ್ಠ 1.5 ಲೀಟರ್ ನೀರು ಬರಬೇಕೆಂಬುದು ಅದೇ ನಿಯಮದ ಇನ್ನೊಂದು ಭಾಗ. ಲೆಕ್ಕ ಹಾಕಿ ನೋಡಿ. 15 ನಿಮಿಷಕ್ಕೆ ಬೇಕಾಗುವುದು 22.5 ಲೀಟರ್. ಅಂದರೆ ಕೆಳಗೆ ನಳ ಇರುವ 25 ಲೀಟರಿನ ಒಂದು ಪ್ಲಾಸ್ಟಿಕ್ ಕ್ಯಾನು ಒಬ್ಬರ ಕಣ್ಣಿಗೆ ಸಾಲುತ್ತದೆ. ಅದನ್ನು ಮೇಜಿನೆತ್ತರದ ಗಟ್ಟಿ ಸ್ಟ್ಯಾಂಡಿನ ಮೇಲಿಡಿ, ನಳಕ್ಕೆ ಎರಡಡಿ ಮೆದು ರಬ್ಬರ್ ಕೊಳವೆ ಸಿಕ್ಕಿಸಿ. ಪ್ರಾಯೋಗಿಕ ತರಗತಿ ಇರುವ ಪ್ರತಿ ದಿನ ಬೆಳಿಗ್ಗೆ ಹಳೆಯ ನೀರು ಚೆಲ್ಲಿ ಕುಡಿಯುವ ನೀರು ತುಂಬಿಸಿ. ಎರಡು ಕ್ಯಾನು ಇದ್ದರೆ ಇನ್ನೂ ಒಳ್ಳೆಯದು. ಈ ನೀರನ್ನು ಗಾಜಿನ ಸಾಮಾನು ತೊಳೆಯಲು ಯಾರೂ ಮುಟ್ಟಬಾರದು.

ತೊಳೆಯುವ ರೀತಿಯನ್ನೂ ಹೇಳಿಬಿಡುತ್ತೇನೆ. ಪೆಟ್ಟಾದ ಕಣ್ಣು ಕೆಳಬದಿಗೆ ಬರುವಂತೆ ತಲೆ ಓರೆ ಮಾಡಿಸಿ, ಆಗ ಹರಿದ ನೀರು ಇನ್ನೊಂದು ಕಣ್ಣಿಗೆ ಹೋಗುವುದಿಲ್ಲ. ನೀರು ಮೂಗಿನ ಕಡೆಯಿಂದ ಕಿವಿಯ ಕಡೆಗೆ ಹರಿಯಲಿ. ನೋವಿಗೆ ಮಗು ರೆಪ್ಪೆ ಬಿಗಿ ಹಿಡಿಯುತ್ತದೆ, ಅಳುತ್ತದೆ, ಸಾಕು ಎನ್ನುತ್ತದೆ. ಒಬ್ಬರು ಎರಡು ಬೆರಳಿನಿಂದ ರೆಪ್ಪೆ ಬಿಡಿಸಿ ಹಿಡಿಯಬೇಕು, ಇನ್ನೊಬ್ಬರು ನೀರು ಬಿಡಬೇಕು, ಮೂರನೆಯವರು ಗಡಿಯಾರ ನೋಡುತ್ತ 108ಕ್ಕೆ ಕರೆ ಮಾಡಬೇಕು. ಕಾಂಟ್ಯಾಕ್ಟ್ ಲೆನ್ಸ್ ಇದ್ದರೆ ನೀರು ಹರಿಯುತ್ತಿರುವಾಗಲೇ ತೆಗೆಸಿ. ಆಮ್ಲ ಬಿದ್ದಿದೆಯೆಂದು ಸೋಡಾ ನೀರು, ಕ್ಷಾರ ಬಿದ್ದಿದೆಯೆಂದು ನಿಂಬೆ ನೀರು ಹಾಕುವುದು ಘೋರ ತಪ್ಪು. ಹಾಲು, ಗುಲಾಬಿ ನೀರು ಕೂಡ ಬೇಡ. ಬರೀ ನೀರು, ಬಹಳ ನೀರು. ಆಸ್ಪತ್ರೆಗೆ ಹೊರಟಾಗ ಯಾವ ರಾಸಾಯನಿಕ ಬಿತ್ತು, ಎಷ್ಟು ಸಾಂದ್ರ, ಎಷ್ಟು ಹೊತ್ತು ತೊಳೆದಿರಿ ಎಂಬುದನ್ನು ಚೀಟಿಯಲ್ಲಿ ಬರೆದು ಜೊತೆಗೆ ಕಳಿಸಿ. ಡಾಕ್ಟರು ಮೊದಲು ಕೇಳುವುದೇ ಅದನ್ನು.

ಮೈಮೇಲೆ ಚೆಲ್ಲಿದರೆ ಹೆಚ್ಚು ನೀರು ಬೇಕು. ತುರ್ತು ಷವರಿನ ಪ್ರಮಾಣ ನಿಮಿಷಕ್ಕೆ ಸುಮಾರು 75 ಲೀಟರ್, 15 ನಿಮಿಷಕ್ಕೆ ಸಾವಿರದ ನೂರು ಲೀಟರಿನ ಆಸುಪಾಸು. ಮಾಳಿಗೆಯ ಮೇಲಿನ ಸಾಮಾನ್ಯ ನೀರಿನ ಟ್ಯಾಂಕು ಹೆಚ್ಚುಕಡಿಮೆ ಅಷ್ಟೇ ಹಿಡಿಯುತ್ತದೆ. ಆ ಟ್ಯಾಂಕಿನಿಂದ ಪ್ರಯೋಗಾಲಯದ ಬಾಗಿಲ ಬಳಿಗೆ ಒಂದು ದಪ್ಪ ಪೈಪ್ ಇಳಿಸಿ ಷವರ್ ಕೂಡಿಸುವುದು ಊರಿನ ಪ್ಲಂಬರ್ ಒಂದೇ ದಿನದಲ್ಲಿ ಮುಗಿಸಬಹುದಾದ ಕೆಲಸ. ಟ್ಯಾಂಕು ತುಂಬಿರದ ದಿನ ಆಮ್ಲದ ಪ್ರಯೋಗ ಇಟ್ಟುಕೊಳ್ಳಬೇಡಿ. ನೀರಿಲ್ಲದ ಪ್ರಯೋಗಾಲಯಕ್ಕೆ ಬೀಗ ಹಾಕುವ ಧೈರ್ಯ ನಮಗಿರಬೇಕು.

ಪ್ರಶ್ನೆ: ನಾನು ಗೋಕಾಕದಲ್ಲಿ ದ್ವಿತೀಯ ಪಿಯು ವಿಜ್ಞಾನ ಓದುತ್ತಿರುವ ವಿದ್ಯಾರ್ಥಿನಿ. ಟೈಟ್ರೇಶನ್ ಮಾಡುವಾಗ ಎಲ್ಲರೂ ಪಿಪೆಟ್ ಬಾಯಿಂದಲೇ ಎಳೆಯುತ್ತೇವೆ. ಪರೀಕ್ಷೆಯಲ್ಲಿ ಸಮಯ ಉಳಿಯುತ್ತದೆ ಎನ್ನುತ್ತಾರೆ. ಆಕ್ಸಾಲಿಕ್ ಆ್ಯಸಿಡ್ ತೆಳುವಾಗಿಯೇ ಇರುತ್ತದಲ್ಲ, ಏನಾಗುತ್ತದೆ?

ಉತ್ತರ: ತಂಗಿ, ಆಕ್ಸಾಲಿಕ್ ಆಮ್ಲ ವಿಷ. ದೇಹದ ಕ್ಯಾಲ್ಸಿಯಂ ಜೊತೆ ಸೇರಿ ಹರಳುಗಟ್ಟಿ ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತದೆ. ನಿನ್ನ ತೆಳು ದ್ರಾವಣದ ಒಂದು ಗುಟುಕು ಪ್ರಾಣ ತೆಗೆಯಲಿಕ್ಕಿಲ್ಲ. ನನ್ನ ಆತಂಕ ಇರುವುದು ಆ ಅಭ್ಯಾಸದ ಬಗ್ಗೆ. ಇವತ್ತು ತೆಳು ಆಕ್ಸಾಲಿಕ್ ಎಳೆದ ಬಾಯಿ ಮುಂದಿನ ವರ್ಷ ಡಿಗ್ರಿ ಕಾಲೇಜಿನಲ್ಲಿ ಸಾಂದ್ರ ಆಮ್ಲವನ್ನು, ನಾಳೆ ಯಾವುದೋ ಡಯಗ್ನೊಸ್ಟಿಕ್ ಲ್ಯಾಬಿನಲ್ಲಿ ರಕ್ತದ ಸ್ಯಾಂಪಲ್ಲನ್ನು ಎಳೆಯಲು ಹೋಗುತ್ತದೆ. ದ್ರಾವಣದ ಮಟ್ಟ ಇಳಿದು ಪಿಪೆಟ್ಟಿನ ತುದಿ ಗಾಳಿಗೆ ಬಂತೆಂದರೆ ಉಳಿದದ್ದು ಒಮ್ಮೆಲೇ ಬಾಯಿಗೆ ನುಗ್ಗುತ್ತದೆ. ಜೊತೆಗೆ ಒಂದೇ ಪಿಪೆಟ್ ಹತ್ತು ಮಕ್ಕಳ ಬಾಯಿಗೆ ಹೋದರೆ ಒಬ್ಬರ ಸೋಂಕು ಹತ್ತು ಜನಕ್ಕೆ.

ರಬ್ಬರ್ ಬಲ್ಬ್ ಅಥವಾ ಪಿಪೆಟ್ ಪಂಪ್ ಬಳಸು. ಕಾಲೇಜಿನಲ್ಲಿ ಇಲ್ಲದಿದ್ದರೆ ಸೂಜಿಯಿಲ್ಲದ 20 ಮಿಲಿ ಪ್ಲಾಸ್ಟಿಕ್ ಸಿರಿಂಜಿಗೆ ಮೂರು ಬೆರಳಗಲದ ರಬ್ಬರ್ ಕೊಳವೆ ಸಿಕ್ಕಿಸಿ ಪಿಪೆಟ್ಟಿನ ತಲೆಗೆ ಹೊಂದಿಸಿಕೊ. ಎರಡು ದಿನ ಕೈ ಪಳಗಿದರೆ ಬಾಯಿಗಿಂತ ಬೇಗ, ಬಾಯಿಗಿಂತ ನಿಖರವಾಗಿ ಎಳೆಯುತ್ತೀಯ. ಬ್ಯೂರೆಟ್ಟಿಗೆ ಪೊಟ್ಯಾಸಿಯಂ ಪರ್ಮ್ಯಾಂಗನೇಟ್ ತುಂಬಿಸುವಾಗ ಬ್ಯೂರೆಟ್ಟನ್ನು ಸ್ಟ್ಯಾಂಡ್ ಸಹಿತ ಕೆಳಕ್ಕಿಳಿಸಿ ಕಣ್ಣಿನ ಮಟ್ಟಕ್ಕಿಂತ ಕೆಳಗೆ ತುಂಬಿಸು, ತಲೆಯ ಮೇಲೆ ಕೈಯೆತ್ತಿ ಸುರಿಯಬೇಡ. ಆಕ್ಸಾಲಿಕ್ ದ್ರಾವಣಕ್ಕೆ ಸಲ್ಫ್ಯೂರಿಕ್ ಆಮ್ಲ ಹಾಕಿ 60–70 ಡಿಗ್ರಿಗೆ ಬಿಸಿ ಮಾಡಿದ ಫ್ಲಾಸ್ಕಿಗೆ ಮುಖ ಬಾಗಿಸಬೇಡ. ವೇಲ್ ಹಾಕಿಕೊಂಡಿದ್ದರೆ ಪಿನ್ ಹಚ್ಚಿ ಎಪ್ರನ್ನಿನ ಒಳಗೆ ಸೇರಿಸು, ಜಡೆ ಹಿಂದೆ ಕಟ್ಟು, ಬೆರಳು ಮುಚ್ಚುವ ಬೂಟು ಹಾಕಿಕೊಂಡು ಬಾ. ಚಪ್ಪಲಿ ಹಾಕಿದ ಕಾಲಿನ ಮೇಲೆ ಒಂದು ಹನಿ ಸಾಂದ್ರ ಆಮ್ಲ ಬಿದ್ದರೂ ಕಾಲ್ಬೆರಳಿಗೆ ಆಗುವ ಗಾಯ ತಿಂಗಳುಗಟ್ಟಲೆ ಉಳಿಯಬಹುದು.

ಪ್ರಶ್ನೆ: ಸಂಕೇಶ್ವರದಿಂದ ಒಬ್ಬ ತಾಯಿ ಬರೆಯುತ್ತಿದ್ದೇನೆ. ಕಾಲೇಜಿನಲ್ಲಿ ನನ್ನ ಮಗಳ ತೋಳಿನ ಮೇಲೆ ಸಲ್ಫ್ಯೂರಿಕ್ ಆ್ಯಸಿಡ್ ಬಿತ್ತು. ಯಾರೋ ಟೂತ್‌ಪೇಸ್ಟ್ ಹಚ್ಚಿದರು, ಇನ್ನಾರೋ ಅರಿಸಿನ ಹಚ್ಚಿದರು. ಗಾಯ ಮಾಯ್ದಿದೆ, ಕಲೆ ಉಳಿದಿದೆ. ಆವತ್ತು ಏನು ಮಾಡಬೇಕಿತ್ತು?

ಉತ್ತರ: ತಾಯಿ, ನಿಮ್ಮ ಮಗಳು ಚೇತರಿಸಿಕೊಂಡದ್ದು ಸಮಾಧಾನದ ಸಂಗತಿ. ಆಮ್ಲದ ಗಾಯಕ್ಕೂ ಬೆಂಕಿಯ ಗಾಯಕ್ಕೂ ಮೊದಲ ಔಷಧ ಒಂದೇ, ಹರಿಯುವ ತಣ್ಣೀರು, ಕನಿಷ್ಠ 20 ನಿಮಿಷ. ಟೂತ್‌ಪೇಸ್ಟ್, ತುಪ್ಪ, ಮಸಿ, ಅರಿಸಿನ ಯಾವುದೂ ಬೇಡ. ಅವು ಶಾಖವನ್ನೂ ಆಮ್ಲವನ್ನೂ ಒಳಗೇ ಹಿಡಿದಿಡುತ್ತವೆ. ಆಸ್ಪತ್ರೆಯಲ್ಲಿ ಗಾಯ ಸ್ವಚ್ಛ ಮಾಡುವಾಗ ಅವನ್ನು ಕೆರೆದು ತೆಗೆಯಬೇಕಾಗುತ್ತದೆ, ಆ ನೋವು ಬೇರೆ. ಮಂಜುಗಡ್ಡೆಯನ್ನೂ ಇಡಬಾರದು. ಬಳೆ, ಉಂಗುರ, ಗಡಿಯಾರವನ್ನು ಕೈ ಬಾಯುವ ಮೊದಲೇ ತೆಗೆಯಬೇಕು. ಆಮ್ಲ ತಾಗಿದ ಬಟ್ಟೆಯನ್ನು ನೀರು ಹರಿಯುತ್ತಿರುವಾಗಲೇ ಕತ್ತರಿಸಿ ತೆಗೆಯಬೇಕು. ತಲೆಯ ಮೇಲಿಂದ ಎಳೆದರೆ ಮುಖಕ್ಕೆ ತಾಗುತ್ತದೆ.

ಇಲ್ಲೊಂದು ಮಾತನ್ನು ಎಲ್ಲ ಕಾಲೇಜುಗಳಿಗೂ ಹೇಳಬೇಕಿದೆ. ಹುಡುಗರ ಎದುರು ಬಟ್ಟೆ ತೆಗೆಯಲು ನಾಚಿ ನಮ್ಮ ಹೆಣ್ಣುಮಕ್ಕಳು ಆಮ್ಲ ನೆನೆದ ಸಮವಸ್ತ್ರದಲ್ಲೇ ನಿಲ್ಲುತ್ತಾರೆ. ಆ ಎರಡು ನಿಮಿಷದ ಸಂಕೋಚ ಚರ್ಮವನ್ನು ಸುಡುತ್ತಿರುತ್ತದೆ. ಪ್ರತಿ ಪ್ರಯೋಗಾಲಯದ ಕಪಾಟಿನಲ್ಲಿ ಎರಡು ದೊಡ್ಡ ಬೆಡ್‌ಶೀಟು, ಎರಡು ಸಡಿಲ ನೈಟಿ, ಒಂದು ಗಟ್ಟಿ ಕತ್ತರಿ ಇಡಿ. ಬೆಡ್‌ಶೀಟನ್ನು ಪರದೆಯಾಗಿ ಹಿಡಿದು, ಹುಡುಗರನ್ನು ಹೊರಗೆ ಕಳಿಸಿ ತೊಳೆಯಿರಿ. ಫೀನಾಲ್ ಬಿದ್ದಾಗ ಇನ್ನೂ ಎಚ್ಚರ ಬೇಕು. ಅದು ಚರ್ಮವನ್ನು ಮರಗಟ್ಟಿಸುವುದರಿಂದ ನೋವೇ ಗೊತ್ತಾಗುವುದಿಲ್ಲ, ಬರೀ ಬಿಳಿ ಕಲೆ ಕಾಣುತ್ತದೆ. ನೋವಿಲ್ಲವೆಂದು ಸುಮ್ಮನಿರುವಂತಿಲ್ಲ, ಅದು ಚರ್ಮದ ಮೂಲಕ ರಕ್ತಕ್ಕೆ ಸೇರುತ್ತದೆ. ಕೂಡಲೇ ಧಾರಾಳ ನೀರು, ನಂತರ ಆಸ್ಪತ್ರೆ.

ಯಾರಾದರೂ ರಾಸಾಯನಿಕ ನುಂಗಿದರೆ ವಾಂತಿ ಮಾಡಿಸಬೇಡಿ. ಇಳಿಯುವಾಗ ಸುಟ್ಟದ್ದು ಮೇಲೆ ಬರುವಾಗ ಇನ್ನೊಮ್ಮೆ ಸುಡುತ್ತದೆ. ಬಾಯಿ ಮುಕ್ಕಳಿಸಿ, ಆಸ್ಪತ್ರೆಗೆ ಹೊರಡಿ. ದಿಲ್ಲಿಯ ಏಮ್ಸ್‌ನಲ್ಲಿರುವ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರದ ಉಚಿತ ಸಂಖ್ಯೆ 1800 116 117. ಹಗಲಿರುಳು ಸಲಹೆ ಸಿಗುತ್ತದೆ, ಗೋಡೆಯ ಮೇಲೆ ಬರೆಸಿಡಿ.

ಪ್ರಶ್ನೆ: ಘಟಪ್ರಭಾದ ಕಾಲೇಜಿನಲ್ಲಿ ಲ್ಯಾಬ್ ಅಟೆಂಡರ್ ಆಗಿದ್ದೇನೆ. ಆ್ಯಸಿಡ್ ತೆಳುವು ಮಾಡುವುದು, ಬಾಟಲಿ ತುಂಬಿಸುವುದು, ಕೊನೆಗೆ ಎಲ್ಲ ಬಳಿದು ಸಿಂಕಿಗೆ ಸುರಿಯುವುದು ಎಲ್ಲ ನನ್ನದೇ ಕೆಲಸ. ನಾನು ಯಾವುದಕ್ಕೆ ಹೆಚ್ಚು ಜೋಪಾನ ಮಾಡಬೇಕು, ಹೇಳಿ.

ಉತ್ತರ: ಪ್ರಯೋಗಾಲಯದಲ್ಲಿ ಎಲ್ಲರಿಗಿಂತ ಹೆಚ್ಚು ಸಾಂದ್ರ ಆಮ್ಲ ಮುಟ್ಟುವವರು ನೀವು. ನಿಮಗೇ ಕನ್ನಡಕ, ಕೈಗವಸು, ರಬ್ಬರ್ ಎಪ್ರನ್ ಮೊದಲು ಸಿಗಬೇಕು. ಇದನ್ನು ಕೇಳಿ ಪಡೆಯಿರಿ, ನಿಮ್ಮ ಹಕ್ಕು ಅದು.

98 ಪ್ರತಿಶತ ಸಲ್ಫ್ಯೂರಿಕ್ ಆಮ್ಲ ನೀರಿಗಿಂತ 1.84 ಪಟ್ಟು ಭಾರ. ಆಮ್ಲದ ಮೇಲೆ ನೀರು ಹಾಕಿದರೆ ನೀರು ಮೇಲೆಯೇ ತೇಲಿ, ಅಲ್ಲೇ ಕುದ್ದು, ಆಮ್ಲವನ್ನು ಹೊತ್ತು ಮುಖಕ್ಕೆ ಸಿಡಿಯುತ್ತದೆ. ಆದ್ದರಿಂದ ಯಾವಾಗಲೂ ನೀರಿಗೆ ಆಮ್ಲ. ಬೋರೊಸಿಲಿಕೇಟ್ ಬೀಕರಿನಲ್ಲಿ ನೀರು ತೆಗೆದುಕೊಂಡು, ಬೀಕರನ್ನು ತಣ್ಣೀರಿನ ಬುಟ್ಟಿಯಲ್ಲಿಟ್ಟು, ಗಾಜಿನ ಕಡ್ಡಿಯಿಂದ ತಿರುವುತ್ತ, ಆಮ್ಲವನ್ನು ಬೀಕರಿನ ಅಂಚಿಗುಂಟ ಸಣ್ಣಗೆ ಬಿಡಿ. ಅಳತೆಯ ಜಾಡಿ, ದಪ್ಪ ಗಾಜಿನ ಬಾಟಲಿಗಳಲ್ಲಿ ತೆಳುವು ಮಾಡಬೇಡಿ, ಶಾಖಕ್ಕೆ ಒಡೆಯುತ್ತವೆ.

ಏಪ್ರಿಲ್–ಮೇ ತಿಂಗಳಲ್ಲಿ ಲಿಕರ್ ಅಮೋನಿಯಾ ಬಾಟಲಿಯ ಬಗ್ಗೆ ವಿಶೇಷ ಎಚ್ಚರವಿರಲಿ. ನಮ್ಮ ಕಡೆಯ ಬಿಸಿಲಿಗೆ ಒಳಗೆ ಅನಿಲದ ಒತ್ತಡ ಏರಿ, ಮುಚ್ಚಳ ಬಿಚ್ಚಿದ ಕೂಡಲೇ ಚಿಮ್ಮುತ್ತದೆ. ಬಿಚ್ಚುವ ಮೊದಲು ಬಾಟಲಿಯನ್ನು ಅರ್ಧ ತಾಸು ತಣ್ಣೀರಿನಲ್ಲಿಡಿ, ಮುಚ್ಚಳದ ಮೇಲೆ ಒದ್ದೆ ಬಟ್ಟೆ ಹಾಕಿ, ಮುಖ ಆ ಕಡೆ ತಿರುಗಿಸಿ, ಎಕ್ಸಾಸ್ಟ್ ಫ್ಯಾನ್ ಹಾಕಿ ನಿಧಾನವಾಗಿ ಸಡಿಲಿಸಿ.

ಟಾಲೆನ್ಸ್ ಕಾರಕ ಉಳಿಯಿತೆಂದು ನಾಳೆಗೆ ಇಡಲೇಬೇಡಿ. ನಿಂತಷ್ಟೂ ಅದರಲ್ಲಿ ಸ್ಫೋಟಕ ಬೆಳ್ಳಿಯ ಸಂಯುಕ್ತ ಹುಟ್ಟುತ್ತದೆ, ಬಾಟಲಿ ಅಲುಗಿಸಿದರೂ ಸಿಡಿಯಬಹುದು. ತರಗತಿ ಮುಗಿದ ಕೂಡಲೇ ತೆಳು ನೈಟ್ರಿಕ್ ಆಮ್ಲ ಹಾಕಿ ಅದನ್ನು ನಿರಪಾಯ ಮಾಡಿ.

ಸಿಂಕಿನ ವಿಷಯ. ಗೋಕಾಕದ ಗಟಾರದ ನೀರು ಕೊನೆಗೆ ಘಟಪ್ರಭೆಗೆ ಸೇರುತ್ತದೆ, ಸಂಕೇಶ್ವರದ್ದು ಹಿರಣ್ಯಕೇಶಿಗೆ. ಆ ನೀರನ್ನೇ ಕೆಳಗಿನ ಹಳ್ಳಿಗಳ ಜನ ಕುಡಿಯುತ್ತಾರೆ, ಹೊಲಕ್ಕೆ ಹಾಯಿಸುತ್ತಾರೆ. ಬರೀ ಆಮ್ಲ, ಕ್ಷಾರಗಳನ್ನು ಒಂದಕ್ಕೊಂದು ಅಥವಾ ಸೋಡಾದಿಂದ ತಟಸ್ಥ ಮಾಡಿ, ಲಿಟ್ಮಸ್ ನೋಡಿ, ಧಾರಾಳ ನೀರಿನ ಜೊತೆ ಬಿಡಬಹುದು. ಆದರೆ ಸೀಸ, ಕ್ರೋಮಿಯಂ, ಬೇರಿಯಂ, ಬೆಳ್ಳಿ ಇರುವ ದ್ರಾವಣ ಸಿಂಕಿಗೆ ಹೋಗಬಾರದು. ಅಮೋನಿಯಂ ಪರೀಕ್ಷೆಗೆ ಬಳಸುವ ನೆಸ್ಲರ್ ಕಾರಕದಲ್ಲಿ ಪಾದರಸವಿದೆ ಎಂಬುದು ಬಹಳ ಜನಕ್ಕೆ ನೆನಪಿರುವುದಿಲ್ಲ. ಇವಕ್ಕೆ ಹೆಸರು ಬರೆದ ಬೇರೆ ಬೇರೆ ಕ್ಯಾನುಗಳಿರಲಿ. ತುಂಬಿದ ಮೇಲೆ ವಿಲೇವಾರಿಗೆ ಪ್ರಾಂಶುಪಾಲರ ಮೂಲಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೆ ಬರೆಸಿ.

ಪ್ರಶ್ನೆ: ಮೂಡಲಗಿ ತಾಲ್ಲೂಕಿನ ಪ್ರೌಢಶಾಲೆಯ ಮುಖ್ಯೋಪಾಧ್ಯಾಯ ನಾನು. ನಮ್ಮಲ್ಲಿ ಇರುವುದು ಎರಡು ಮೂರು ಬಾಟಲಿ ಆ್ಯಸಿಡ್. ಅದಕ್ಕೂ ಕಾನೂನು ಇದೆಯೇ? ರಾಸಾಯನಿಕಗಳನ್ನು ಅಕ್ಷರಾನುಕ್ರಮದಲ್ಲಿ ಜೋಡಿಸಿದ್ದೇವೆ, ಅದು ಸರಿ ತಾನೆ?

ಉತ್ತರ: ಗುರುಗಳೆ, ಒಂದು ಬಾಟಲಿಗೂ ಕಾನೂನು ಇದೆ. ಆ್ಯಸಿಡ್ ದಾಳಿಗೆ ತುತ್ತಾದ ಲಕ್ಷ್ಮಿ ಅವರು ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2013ರ ಜುಲೈ 18ರಂದು ಕೊಟ್ಟ ಆದೇಶ ಅಂಗಡಿಗಳಿಗಷ್ಟೇ ಅಲ್ಲ, ಶಿಕ್ಷಣ ಸಂಸ್ಥೆಗಳಿಗೂ ಅನ್ವಯಿಸುತ್ತದೆ. ಆದೇಶದಂತೆ ನೀವು ಮಾಡಬೇಕಾದದ್ದು ಮೂರು. ಆ್ಯಸಿಡ್ ಬಳಕೆಯ ರಿಜಿಸ್ಟರ್ ಇಟ್ಟು ಅದನ್ನು ಉಪವಿಭಾಗಾಧಿಕಾರಿಗಳಿಗೆ ಸಲ್ಲಿಸಬೇಕು. ಆ್ಯಸಿಡ್ ಸುರಕ್ಷಿತವಾಗಿಡಲು ಒಬ್ಬರನ್ನು ಹೊಣೆಗಾರರನ್ನಾಗಿ ಮಾಡಬೇಕು. ಅವರ ಉಸ್ತುವಾರಿಯಲ್ಲೇ ದಾಸ್ತಾನು ಇರಬೇಕು, ಪ್ರಯೋಗಾಲಯದಿಂದ ಹೊರಹೋಗುವ ಎಲ್ಲರ ತಪಾಸಣೆ ಕಡ್ಡಾಯ. ಉಲ್ಲಂಘಿಸಿದವರಿಗೆ 50,000 ರೂಪಾಯಿವರೆಗೆ ದಂಡ ಹಾಕಬಹುದು. ದಂಡದ ಭಯಕ್ಕಿಂತ ದೊಡ್ಡ ಕಾರಣ ಒಂದಿದೆ. ಶಾಲೆಯಿಂದ ಕಾಣೆಯಾದ ಒಂದು ಬಾಟಲಿ ಆ್ಯಸಿಡ್ ಯಾವ ಹೆಣ್ಣುಮಗಳ ಮುಖದ ಮೇಲೆ ಬೀಳುವುದೋ ಗೊತ್ತಿಲ್ಲ. ತಾರೀಖು, ಬಂದದ್ದು, ಬಳಸಿದ್ದು, ಉಳಿದದ್ದು, ಉದ್ದೇಶ, ಸಹಿ ಇಷ್ಟು ಕಲಮುಗಳ ನೋಟ್‌ಬುಕ್ ಇವತ್ತೇ ಶುರು ಮಾಡಿ.

ಅಕ್ಷರಾನುಕ್ರಮದ ಜೋಡಣೆ ಮಾತ್ರ ಇವತ್ತೇ ಬದಲಿಸಿ. ಆ ಕ್ರಮದಲ್ಲಿ ನೈಟ್ರಿಕ್ ಆಮ್ಲದ ಪಕ್ಕಕ್ಕೆ ನೈಟ್ರೊಬೆಂಜೀನ್ ಬಂದು ಕೂರುತ್ತದೆ. ಒಂದು ಉರಿಸುವ ಗುಣದ್ದು, ಇನ್ನೊಂದು ಉರಿಯುವ ಗುಣದ್ದು. ಪೊಟ್ಯಾಸಿಯಂ ಪರ್ಮ್ಯಾಂಗನೇಟಿನ ಮೇಲೆ ಗ್ಲಿಸರಿನ್ ಚೆಲ್ಲಿದರೆ ಬೆಂಕಿಕಡ್ಡಿ ಗೀರದೆಯೇ ತಾನಾಗಿ ಹೊತ್ತಿಕೊಳ್ಳುತ್ತದೆ. ಗುಣದ ಪ್ರಕಾರ ವಿಂಗಡಿಸಿ: ಆಮ್ಲಗಳು ನೆಲದ ಹತ್ತಿರದ ಕಪಾಟಿನಲ್ಲಿ, ಪ್ಲಾಸ್ಟಿಕ್ ಟ್ರೇಯಲ್ಲಿ, ಅವುಗಳಲ್ಲೂ ನೈಟ್ರಿಕ್ ಬೇರೆ ಟ್ರೇಯಲ್ಲಿ. ಅಮೋನಿಯಾ ಮತ್ತು ಕ್ಷಾರಗಳು ಆಮ್ಲದಿಂದ ದೂರ. ಸ್ಪಿರಿಟ್, ಅಸಿಟೋನ್, ಈಥರ್ ಬಿಸಿಲು ಬೀಳದ ತಂಪು ಜಾಗದಲ್ಲಿ. ನೈಟ್ರೇಟು, ಕ್ಲೋರೇಟು, ಪರ್ಮ್ಯಾಂಗನೇಟುಗಳು ಅವೆಲ್ಲದರಿಂದ ಬೇರೆ. ಕಣ್ಣಿನ ಮಟ್ಟಕ್ಕಿಂತ ಮೇಲೆ ಯಾವ ದ್ರವವೂ ಬೇಡ. ಹೆಸರು ಅಳಿಸಿಹೋದ ಬಾಟಲಿಯನ್ನು ಮೂಸಿ ಗುರುತಿಸಲು ಹೋಗದೆ, "ಗೊತ್ತಿಲ್ಲ, ಮುಟ್ಟಬೇಡಿ" ಎಂದು ಚೀಟಿ ಅಂಟಿಸಿ ಬೇರೆಯಿಡಿ.

ಪ್ರಶ್ನೆ: ಕೌಜಲಗಿಯವನು, ಬಿಎಸ್ಸಿ ಎರಡನೇ ವರ್ಷ. ನಮ್ಮ ಲ್ಯಾಬಿನ ಗೋಡೆಗೆ ಒಂದು ಅಗ್ನಿಶಾಮಕ ಸಿಲಿಂಡರ್ ತೂಗುಹಾಕಿದ್ದಾರೆ. ಬೆಂಕಿ ಬಿದ್ದರೆ ಅದನ್ನೇ ಬಳಸಬೇಕಾ? ಅದನ್ನು ನಡೆಸುವುದು ನಮಗೆ ಯಾರಿಗೂ ಗೊತ್ತಿಲ್ಲ.

ಉತ್ತರ: ತಮ್ಮಾ, ನಿನ್ನ ಪತ್ರದ ಕೊನೆಯ ವಾಕ್ಯವೇ ಇಡೀ ಸಮಸ್ಯೆ. ಸಾಧನ ಇದ್ದರೆ ಸಾಲದು, ಕೈಗೆ ಅದರ ಪರಿಚಯ ಇರಬೇಕು. 2008ರ ಡಿಸೆಂಬರ್ 29ರಂದು ಅಮೆರಿಕದ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಶೆಹರ್‌ಬಾನೊ ಸಾಂಗ್ಜಿ ಎಂಬ 23ರ ಯುವತಿ ಗಾಳಿ ತಾಗಿದರೆ ಹೊತ್ತಿಕೊಳ್ಳುವ ಟರ್ಷಿಯರಿ ಬ್ಯೂಟೈಲ್ ಲಿಥಿಯಂ ಅನ್ನು ಸಿರಿಂಜಿನಲ್ಲಿ ಎಳೆಯುತ್ತಿದ್ದರು. ಸಿರಿಂಜ್ ಬಿಚ್ಚಿಕೊಂಡು ದ್ರವ ಚೆಲ್ಲಿತು. ಅವರ ಮೈಮೇಲೆ ಲ್ಯಾಬ್ ಕೋಟ್ ಇರಲಿಲ್ಲ, ತೊಟ್ಟಿದ್ದ ಸಿಂಥೆಟಿಕ್ ಸ್ವೆಟರ್ ಹೊತ್ತಿಕೊಂಡಿತು. ಪ್ರಯೋಗಾಲಯದಲ್ಲಿ ತುರ್ತು ಷವರ್ ಇತ್ತು, ಆ ಗಾಬರಿಯಲ್ಲಿ ಅದು ಬಳಕೆಯಾಗಲಿಲ್ಲ. 18 ದಿನಗಳ ನಂತರ ಅವರು ತೀರಿಕೊಂಡರು. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2018ರ ಡಿಸೆಂಬರ್ 5ರಂದು ಪ್ರಯೋಗಾಲಯದಲ್ಲಿ ಆದ ಸ್ಫೋಟದಲ್ಲಿ ಒಬ್ಬ ಯುವ ಸಂಶೋಧಕರು ಮೃತಪಟ್ಟರು, ಮೂವರು ಗಾಯಗೊಂಡರು. ಅಷ್ಟು ಅನುಕೂಲವಿರುವ ಸಂಸ್ಥೆಗಳಲ್ಲೇ ಹೀಗಾಗಿರುವಾಗ ನಾವು ಇನ್ನೆಷ್ಟು ಎಚ್ಚರವಿರಬೇಕು, ಯೋಚಿಸು.

ಮೊದಲು ಬೆಂಕಿ ಬೀಳದಂತೆ ನೋಡಿಕೊ. ಈಥರ್ ಕುದಿಯುವುದು 34.6 ಡಿಗ್ರಿಯಲ್ಲಿ. ಬೇಸಿಗೆಯ ಮಧ್ಯಾಹ್ನ ನಿಮ್ಮ ಲ್ಯಾಬಿನ ಗಾಳಿಯೇ ಅದಕ್ಕಿಂತ ಬಿಸಿ. ಅದರ ಆವಿ ಗಾಳಿಗಿಂತ ಭಾರವಾದ್ದರಿಂದ ಮೇಜಿನ ಗುಂಟ ಹರಿದು ದೂರದ ಜ್ವಾಲೆಗೆ ತಗುಲುತ್ತದೆ. ಈಥರ್, ಅಸಿಟೋನ್, ಆಲ್ಕೊಹಾಲ್ ತೆಗೆದ ಕೂಡಲೇ ಎಲ್ಲ ಬರ್ನರ್ ಆರಬೇಕು. ಉರಿಯುವ ಸ್ಪಿರಿಟ್ ಲ್ಯಾಂಪಿಗೆ ಸ್ಪಿರಿಟ್ ಹಾಕಬೇಡ, ಒಂದು ಲ್ಯಾಂಪಿನಿಂದ ಇನ್ನೊಂದನ್ನು ಹೊತ್ತಿಸಬೇಡ. ಹಗಲಿನಲ್ಲಿ ಅದರ ಜ್ವಾಲೆ ಕಣ್ಣಿಗೆ ಕಾಣುವುದೇ ಕಷ್ಟ. ಎಲ್‌ಪಿಜಿ ಸಿಲಿಂಡರ್ ಕಟ್ಟಡದ ಹೊರಗಿರಲಿ; ಕೊಳವೆಯ ಸೋರಿಕೆಯನ್ನು ಸಾಬೂನು ನೀರಿನಿಂದ ನೋಡಿ, ಬೆಂಕಿಕಡ್ಡಿಯಿಂದ ಅಲ್ಲ.

ಬೆಂಕಿ ಬಿದ್ದೇಬಿಟ್ಟರೆ: ಬೀಕರಿನೊಳಗಿನ ಬೆಂಕಿಗೆ ಒಂದು ಹಂಚು ಅಥವಾ ಒದ್ದೆ ಬಟ್ಟೆ ಮುಚ್ಚಿದರೆ ಸಾಕು. ಮೇಜಿನ ಮೇಲೆ ಹರಡಿದ ಬೆಂಕಿಗೆ ಎಬಿಸಿ ಪುಡಿಯ ಅಥವಾ ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್. ಪಿನ್ ಕೀಳು, ಕೊಳವೆಯನ್ನು ಜ್ವಾಲೆಯ ಬುಡಕ್ಕೆ ಗುರಿಯಿಡು, ಹಿಡಿಕೆ ಒತ್ತು, ಅತ್ತಿತ್ತ ಬೀಸು. ನಿನ್ನ ಬೆನ್ನಿಗೆ ಬಾಗಿಲಿರಬೇಕು. ಒಂದು ಸಿಲಿಂಡರಿಗೆ ಆರದ ಬೆಂಕಿ ನಿನ್ನ ಕೆಲಸವಲ್ಲ. ಎಲ್ಲರನ್ನೂ ಹೊರಗೆ ಕಳಿಸಿ 112ಕ್ಕೆ ಕರೆ ಮಾಡು. ಸೋಡಿಯಂ ಹೊತ್ತಿಕೊಂಡರೆ ನೀರೂ ಬೇಡ, ಆ ಸಿಲಿಂಡರೂ ಬೇಡ. ಒಣ ಮರಳು ಮಾತ್ರ. ಕೆಂಪು ಬಕೆಟ್ಟಿನ ಮರಳು ಒಣಗಿದೆಯೇ ಎಂದು ವಾರಕ್ಕೊಮ್ಮೆ ನೋಡಿ.

ಗೆಳೆಯರ ಬಟ್ಟೆಗೆ ಬೆಂಕಿ ಹತ್ತಿದರೆ ಓಡಲು ಬಿಡಬೇಡ. ಓಡಿದಷ್ಟೂ ಗಾಳಿ ಸಿಕ್ಕಿ ಉರಿ ಹೆಚ್ಚುತ್ತದೆ. ನೆಲಕ್ಕೆ ಕೆಡವಿ, ಕುರಿ ಉಣ್ಣೆಯ ಕಂಬಳಿ ಸುತ್ತಿ ಆರಿಸು, ಕೂಡಲೇ ನೀರು ಹಾಕು. ನಮ್ಮ ಕಡೆ ಹಾಲುಮತದವರು ನೇಯ್ದ ಕರಿ ಕಂಬಳಿ ಮನೆಮನೆಯಲ್ಲಿದೆ. ಉಣ್ಣೆ ಸುಲಭವಾಗಿ ಹೊತ್ತಿಕೊಳ್ಳುವುದಿಲ್ಲ. ಮಿರಮಿರ ಮಿಂಚುವ ನೈಲಾನ್ ರಗ್ಗು ಮಾತ್ರ ಬೇಡ, ಅದು ಕರಗಿ ಮೈಗಂಟುತ್ತದೆ.

ಪ್ರಶ್ನೆ: ಯಮಕನಮರಡಿಯಿಂದ ಒಂಬತ್ತನೇ ತರಗತಿ ವಿದ್ಯಾರ್ಥಿ. ವಿಜ್ಞಾನ ವಸ್ತುಪ್ರದರ್ಶನದಲ್ಲಿ ಅಮೋನಿಯಂ ಡೈಕ್ರೋಮೇಟಿನಿಂದ ಜ್ವಾಲಾಮುಖಿ ಮಾಡಬೇಕೆಂದಿದ್ದೇನೆ. ಮಾಡಬಹುದೇ?

ಉತ್ತರ: ಬೇಡ ಮಗು. ಆ ಕಿತ್ತಳೆ ಪುಡಿಯಲ್ಲಿರುವ ಕ್ರೋಮಿಯಂ ಕ್ಯಾನ್ಸರ್ ತರುವಂಥದ್ದು. ಉರಿಯುವಾಗ ಹಾರುವ ಹಸಿರು ಬೂದಿಯ ಜೊತೆ ಸುಡದೆ ಉಳಿದ ಕಣಗಳೂ ನೋಡಲು ಬಂದ ಸಣ್ಣ ಮಕ್ಕಳ ಮೂಗಿಗೆ ಹೋಗುತ್ತವೆ. ಅಡುಗೆ ಸೋಡಾ, ವಿನೆಗರ್, ಒಂದಿಷ್ಟು ಕೆಂಪು ಬಣ್ಣದಿಂದ ಮಾಡು. ಯಾಕೆ ನೊರೆ ಬಂತು, ಯಾವ ಅನಿಲ ಹುಟ್ಟಿತು ಎಂದು ಬಂದವರಿಗೆ ಬಿಡಿಸಿ ಹೇಳು, ಬಹುಮಾನ ಬರಬೇಕಾದ್ದು ಆ ವಿವರಣೆಗೆ. ಬಣ್ಣದ ಜ್ವಾಲೆ ತೋರಿಸಲು ತಟ್ಟೆಯಲ್ಲಿ ಮೆಥನಾಲ್ ಉರಿಸುವ ಪ್ರಯೋಗವನ್ನೂ ಮಾಡಬೇಡ. ಅದರಿಂದ ಅಮೆರಿಕದ ಶಾಲೆಗಳಲ್ಲಿ ಹಲವು ಮಕ್ಕಳು ಸುಟ್ಟುಕೊಂಡಿದ್ದಾರೆ.

ಪ್ರಶ್ನೆ: ಮೂಡಲಗಿಯಲ್ಲಿ ಬಿಎಸ್ಸಿ ಮುಗಿಸುತ್ತಿದ್ದೇನೆ. ಸಕ್ಕರೆ ಕಾರ್ಖಾನೆಯಲ್ಲಿ ಲ್ಯಾಬ್ ಕೆಮಿಸ್ಟ್ ಕೆಲಸ ಸಿಗುವ ಸಾಧ್ಯತೆ ಇದೆ. ಅಲ್ಲಿ ಕಾಲೇಜಿಗಿಂತ ಬೇರೆ ಎಚ್ಚರ ಬೇಕೇ?

ಉತ್ತರ: ಬೇಕು. ನಮ್ಮ ಮೂರೂ ತಾಲ್ಲೂಕುಗಳ ವಿಜ್ಞಾನ ಪದವೀಧರರಿಗೆ ಸಕ್ಕರೆ ಕಾರ್ಖಾನೆಯ ಲ್ಯಾಬು ಹತ್ತಿರದ ಉದ್ಯೋಗ. ಕಬ್ಬಿನ ರಸದ ಪೋಲ್, ಅಂದರೆ ಸಕ್ಕರೆಯ ಅಂಶ, ಅಳೆಯುವ ಮೊದಲು ರಸ ತಿಳಿಯಾಗಿಸಲು ಬಹುಕಾಲದಿಂದ ಬಳಸುತ್ತ ಬಂದದ್ದು ಬೇಸಿಕ್ ಲೆಡ್ ಅಸಿಟೇಟ್, ಅಂದರೆ ಸೀಸದ ಲವಣ. ಹಂಗಾಮಿನಲ್ಲಿ ದಿನಕ್ಕೆ ಹತ್ತಾರು ಸ್ಯಾಂಪಲ್. ಆ ಬಿಳಿ ಪುಡಿ ಬೆರಳಿಗೆ, ಬೆರಳಿನಿಂದ ರೊಟ್ಟಿಗೆ, ರೊಟ್ಟಿಯಿಂದ ಹೊಟ್ಟೆಗೆ ಹೋಗುತ್ತದೆ. ಸೀಸದ ಅಪಾಯ ಒಂದು ದಿನದ್ದಲ್ಲ. ಅದು ಎಲುಬಿನಲ್ಲಿ ಶೇಖರವಾಗುತ್ತ ವರ್ಷಗಳ ನಂತರ ನರಗಳಿಗೆ, ರಕ್ತಕ್ಕೆ ಪೆಟ್ಟು ಕೊಡುತ್ತದೆ. ಲ್ಯಾಬಿನಲ್ಲಿ ಚಹಾ, ಊಟ, ಗುಟ್ಕಾ ಯಾವುದೂ ಬೇಡ. ಪುಡಿ ತೂಗುವಾಗ ಮಾಸ್ಕ್ ಹಾಕಿಕೊಳ್ಳಿ, ಊಟಕ್ಕೆ ಮೊದಲು ಸಾಬೂನಿನಿಂದ ಕೈ ತೊಳೆಯಿರಿ, ಲ್ಯಾಬ್ ಕೋಟ್ ಮನೆಗೆ ಒಯ್ಯಬೇಡಿ. ಸೀಸವಿಲ್ಲದ ಪುಡಿಗಳೂ ಬಂದಿವೆ, ಅವನ್ನು ತರಿಸಿಕೊಡಿ ಎಂದು ಕೇಳಿ.

ನಿಮ್ಮ ಮನೆಯವರು ಬೆಲ್ಲ ಮಾಡುವವರಾದರೆ ಇನ್ನೊಂದು ಮಾತು. ಬೆಲ್ಲದ ಬಣ್ಣಕ್ಕೆ ಬಳಸುವ ಹೈಡ್ರೋಸ್ ಪುಡಿಯ ಚೀಲ ಒದ್ದೆಯಾದರೆ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳುತ್ತದೆ, ಗಂಧಕದ ಡೈಆಕ್ಸೈಡ್ ಬಿಡುತ್ತದೆ. ಕಾಲೇಜಿನಲ್ಲಿ ಕಲಿತ ರಸಾಯನಶಾಸ್ತ್ರವನ್ನು ಮೊದಲು ಮನೆಯಲ್ಲಿ ಹೇಳಿಕೊಡಿ.

ಪ್ರಶ್ನೆ: ಗೋಕಾಕ ತಾಲ್ಲೂಕಿನ ಕಾಲೇಜೊಂದರ ಪ್ರಾಂಶುಪಾಲ. ನಮಗೆ ಸಿಗುವ ಅನುದಾನ ಕಡಿಮೆ. ಎಲ್ಲವನ್ನೂ ಒಮ್ಮೆಗೇ ಕೊಳ್ಳಲು ಆಗದು. ಯಾವುದರಿಂದ ಆರಂಭಿಸಲಿ?

ಉತ್ತರ: ಸರ್, ದುಡ್ಡು ಬೇಡದ ಕೆಲಸಗಳಿಂದ ಆರಂಭಿಸಿ. ಎರಡು ಬಾಗಿಲಿದ್ದರೆ ಎರಡನ್ನೂ ತೆರೆಸಿ. ಎರಡನೆಯ ಬಾಗಿಲಿಗೆ ಅಡ್ಡ ಇಟ್ಟ ಹಳೆಯ ಬೆಂಚು, ಕಪಾಟು ಇವತ್ತೇ ಆಚೆ ಹೋಗಲಿ. ಬಾಟಲಿಗಳನ್ನು ಗುಣದ ಪ್ರಕಾರ ಮರುಜೋಡಿಸಿ. ಆ್ಯಸಿಡ್ ರಿಜಿಸ್ಟರ್ ತೆರೆಯಿರಿ. ಒಬ್ಬ ವಿದ್ಯಾರ್ಥಿಯೂ ಒಂಟಿಯಾಗಿ ಪ್ರಯೋಗ ಮಾಡಬಾರದು, ಉಪನ್ಯಾಸಕರು ಕೋಣೆ ಬಿಟ್ಟು ಹೋಗಬಾರದು ಎಂದು ಲಿಖಿತ ಆದೇಶ ಹೊರಡಿಸಿ. 108, 112 ಮತ್ತು ವಿಷ ಮಾಹಿತಿ ಕೇಂದ್ರದ ಸಂಖ್ಯೆಯನ್ನು ಬಾಗಿಲ ಬಳಿ ದೊಡ್ಡಕ್ಷರದಲ್ಲಿ ಬರೆಸಿ. ಅದರ ಕೆಳಗೆ ಕಾಲೇಜಿನ ಪೂರ್ಣ ವಿಳಾಸ ಮತ್ತು ಒಂದು ಗುರುತಿನ ಜಾಗವನ್ನೂ ಬರೆಸಿ. ಗಾಬರಿಯಲ್ಲಿ ಫೋನು ಹಿಡಿದ ಹುಡುಗನಿಗೆ ತನ್ನ ಕಾಲೇಜಿನ ವಿಳಾಸವೇ ನೆನಪಾಗುವುದಿಲ್ಲ.

ಮೊದಲ ಖರ್ಚು ನೀರಿಗೆ: ಕ್ಯಾನು, ಕೊಳವೆ, ಷವರ್. ಎರಡನೆಯದು ಪ್ರತಿ ಮಗುವಿಗೂ ಕಣ್ಣಿನ ಗಾಗಲ್ಸ್ ಮತ್ತು ಪಿಪೆಟ್ ಬಲ್ಬ್. ಮೂರನೆಯದು ಕಂಬಳಿ, ಒಣ ಮರಳು, ಅಗ್ನಿಶಾಮಕ ಸಿಲಿಂಡರ್ ಮತ್ತು ಅದರ ವಾರ್ಷಿಕ ತಪಾಸಣೆ. ಫ್ಯೂಮ್ ಹುಡ್ ಆಮೇಲೆ ಬರಲಿ. ಅಲ್ಲಿಯವರೆಗೆ ಗಟ್ಟಿ ಎಕ್ಸಾಸ್ಟ್ ಫ್ಯಾನುಗಳಿರಲಿ, ವಿಷಾನಿಲದ ಪರೀಕ್ಷೆಗಳನ್ನು ಅತಿ ಕಡಿಮೆ ಪ್ರಮಾಣದಲ್ಲಿ ಮಾಡಿಸಿ.

ಎಲ್ಲಕ್ಕಿಂತ ಮುಖ್ಯವಾದದ್ದು ತಾಲೀಮು. ಜೂನ್ ತಿಂಗಳ ಮೊದಲ ಪ್ರಾಯೋಗಿಕ ತರಗತಿಯಲ್ಲಿ ಯಾವ ಪ್ರಯೋಗವೂ ಬೇಡ. ಒಬ್ಬ ವಿದ್ಯಾರ್ಥಿನಿ ಕಣ್ಣು ಮುಚ್ಚಿಕೊಂಡು "ಕಣ್ಣಿಗೆ ಬಿತ್ತು" ಎಂದು ಕೂಗಲಿ. ಪಕ್ಕದವರು ಅವಳನ್ನು ನೀರಿನ ಬಳಿ ಒಯ್ಯಲಿ, ಒಬ್ಬರು ಬರ್ನರ್ ಆರಿಸಲಿ, ಒಬ್ಬರು ಕರೆ ಮಾಡುವುದನ್ನು ಅಭಿನಯಿಸಲಿ, ಗಡಿಯಾರ ಹಿಡಿದು ನೀವೇ ಸೆಕೆಂಡು ಎಣಿಸಿ. ಮೊದಲ ಸಲ 10 ಸೆಕೆಂಡಿಗೆ ತಲುಪಲಾರರು. ಮೇಜು ಸರಿಸಿ, ಸ್ಟೂಲ್ ಒಳಗೆ ತಳ್ಳಿಸಿ, ಮತ್ತೆ ಮಾಡಿಸಿ. ಡಿಸೆಂಬರಿನಲ್ಲಿ ಪರೀಕ್ಷೆಗೆ ಮೊದಲು ಇನ್ನೊಮ್ಮೆ ಮಾಡಿಸಿ. ಪ್ರತಿ ಸಣ್ಣ ಅವಘಡವನ್ನೂ, ಗಾಯವಾಗದೆ ತಪ್ಪಿಹೋದದ್ದನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆಸಿ. ಬರೆದವರನ್ನು ಬೈಯಬೇಡಿ; ಒಮ್ಮೆ ಬೈದರೆ ಮುಂದಿನ ಸಲ ಮಕ್ಕಳು ಮುಚ್ಚಿಡುತ್ತಾರೆ, ಮುಚ್ಚಿಟ್ಟದ್ದು ಮರುಕಳಿಸುತ್ತದೆ.

ಈ ಮೂರು ತಾಲ್ಲೂಕುಗಳ ರೈತರು, ಕೂಲಿಕಾರರು ಎಷ್ಟೋ ಕಷ್ಟಪಟ್ಟು ಮಕ್ಕಳನ್ನು ವಿಜ್ಞಾನಕ್ಕೆ ಸೇರಿಸುತ್ತಾರೆ. ದೊಡ್ಡ ಆಸ್ಪತ್ರೆಯನ್ನು ನಾವು ಹತ್ತಿರಕ್ಕೆ ತರಲಾರೆವು, ನೀರನ್ನು ಹತ್ತು ಹೆಜ್ಜೆಯೊಳಗೆ ತರಬಲ್ಲೆವು. ಈ ಜೂನಿನ ಮೊದಲ ತರಗತಿಯನ್ನು ತಾಲೀಮಿಗೆ ಮೀಸಲಿಡಿ, ನಿಮ್ಮ ಮಕ್ಕಳು ಎಷ್ಟು ಸೆಕೆಂಡಿನಲ್ಲಿ ನೀರು ಮುಟ್ಟಿದರೆಂದು ನನಗೆ ಬರೆಯಿರಿ.